ದೊಡ್ಡಮ್ಮನ ನಾಲಿಗೆ

ತಿನ್ನುವ ವಿಷಯದಲ್ಲಿ ನಮ್ಮ ದೊಡ್ಡಮ್ಮನಿಗೆ ಗೊತ್ತಿದ್ದದ್ದು ಒಂದೇ ಮಾತು: ಚೆನ್ನಾಗಿದೆ. ಸೀದ ಬ್ರೆಡ್ಡು ಕೊಟ್ಟರೂ ಚೆನ್ನಾಗಿದೆ, ಆರಿ ತಣ್ಣಗಾದ ಟೀ ಕೊಟ್ಟರೂ ಚೆನ್ನಾಗಿದೆ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಸಕ್ಕರೆ ಹಾಕುವುದನ್ನೇ ಮರೆತು ಬಿಸ್ಕತ್ತು ಬೇಯಿಸಿದ್ದೆ. ಚೆನ್ನಾಗಿದೆ ಎಂದು ತಿಂದು, ಇನ್ನೆರಡು ಕೊಡು ಎಂದು ಕೈ ಚಾಚಿದಳು. ಇವಳಿಂದ ಹೊಗಳಿಸಿಕೊಂಡು ಪ್ರಯೋಜನವಿಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ.

ಈ ಕಾಯಿಲೆ ಹತ್ತಿದ್ದು ತವರಿನ ಅಡುಗೆಮನೆಯಲ್ಲಿ ಎಂದು ನಮ್ಮಮ್ಮ ಹೇಳುತ್ತಾಳೆ. ಅಜ್ಜಿಗೆ ಮನೆ ತುಂಬ ಮಕ್ಕಳು. ಭಾನುವಾರ ಅಜ್ಜಿ ತಗಡಿನ ಡಬ್ಬಿಯನ್ನೇ ಓವನ್ ಮಾಡಿಕೊಂಡು ಬನ್ನು ಬೇಯಿಸುತ್ತಿದ್ದಳು. ಯಾರಾದರೂ ಮೂಗು ಮುರಿದರೆ ಬೈಗುಳವಿಲ್ಲ, ಏಟಿಲ್ಲ. ಅವರ ತಟ್ಟೆ ಸದ್ದಿಲ್ಲದೆ ಪಕ್ಕದವರ ಮುಂದೆ ಹೋಗುತ್ತಿತ್ತು. ಎಲ್ಲರಿಗಿಂತ ಚಿಕ್ಕವಳಾದ ನಮ್ಮಮ್ಮ ಕಿತ್ತುಕೊಂಡು ತಿನ್ನುವುದನ್ನು ಕಲಿತಳು. ಎಲ್ಲರಿಗಿಂತ ದೊಡ್ಡವಳಾದ ದೊಡ್ಡಮ್ಮ, ತುತ್ತು ಬಾಯಿಗೆ ಹೋಗುವ ಮೊದಲೇ ಚೆನ್ನಾಗಿದೆ ಎನ್ನುವುದನ್ನು ಕಲಿತಳು.

ಅದು ಸಾಲದೆಂಬಂತೆ ಸಿಕ್ಕಿದ ಗಂಡನಿಗೆ ಬ್ರೆಡ್ಡು ಮಾಡುವ ಹುಚ್ಚು. ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದವರು. ಸ್ಟೇರಿಂಗ್ ತಿರುಗಿಸಿ ಗಟ್ಟಿಯಾದ ಕೈಯಲ್ಲಿ ಹಿಟ್ಟು ನಾದಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಅವರ ಬ್ರೆಡ್ಡು ಕೈತಪ್ಪಿ ಕಾಲ ಮೇಲೆ ಬಿದ್ದರೆ ಮನುಷ್ಯ ಕುಂಟಬೇಕು. ದೊಡ್ಡಮ್ಮ ಮಾತ್ರ ಅದನ್ನು ಟೀಯಲ್ಲಿ ನೆನೆಸಿ, ಹಲ್ಲು ಬದಲಿಸಿ ಬದಲಿಸಿ ಅಗಿದು, ಚೆನ್ನಾಗಿದೆ ಎನ್ನುತ್ತಿದ್ದಳು. ಅದೇ ಮನೆಯ ಮೇಲಿನ ಮಹಡಿಯಲ್ಲಿ ನಾನು, ನನ್ನ ಗಂಡ ಇರುವುದು. ಶನಿವಾರ ಸಂಜೆ ಬೆಣ್ಣೆ ಕಾಯುವ ವಾಸನೆ ಮೆಟ್ಟಿಲು ಹತ್ತಿ ಬಂದರೆ ಸಾಕು, ಬ್ರೆಡ್ಡು ಕಲ್ಲೆಂದು ಗೊತ್ತಿದ್ದೂ ನಾವಿಬ್ಬರೂ ಕೆಳಗಿಳಿಯುತ್ತಿದ್ದೆವು. ಆ ಮೇಜಿನ ಸುತ್ತ ಕೂತು ಹರಟುವ ಸುಖವೇ ಬೇರೆ.

ಇಂಥ ದೊಡ್ಡಮ್ಮ ಕೆಲಸದ ಜಾಗದಲ್ಲಿ ಬೇರೆಯೇ ಹೆಂಗಸು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯವಳು. ನೆಲಮಹಡಿಯ ಹಿಂಭಾಗದಲ್ಲಿ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಪಾಟು, ನಡುವೆ ಬಟ್ಟೆ ಮಡಿಸುವ ಮೇಜು. ಒಗೆದು ಇಸ್ತ್ರಿಯಾಗಿ ಬಂದ ಒಂದೊಂದು ಬೆಡ್‌ಶೀಟನ್ನೂ ದೀಪಕ್ಕೆ ಹಿಡಿದು ನೋಡುವಳು. ಸಾಸಿವೆಯಷ್ಟು ಕಲೆ ಕಂಡರೂ ವಾಪಸ್. ಮೇಲ್ವಿಚಾರಕ ಬಂದು ಈ ಸಲ ಬಿಟ್ಟುಬಿಡಿ ಎಂದು ಬೇಡಿಕೊಂಡರೂ ಕಡ್ಡಿ ಮುರಿದ ಹಾಗೆ ಇಲ್ಲವೆನ್ನುವಳು. ರೋಗಿ ಮಲಗುವ ಬಟ್ಟೆಯಲ್ಲಿ ದಾಕ್ಷಿಣ್ಯ ಇಲ್ಲ ಎನ್ನುವುದು ಅವಳ ವಾದ.

ಅವಳಿಗೆ ಗೆಳತಿ ಸಿಕ್ಕಿದ್ದೂ ಅಂಥದೇ ಒಂದು ಜಗಳದಲ್ಲಿ. ವಾರ್ಡಿನ ನರ್ಸೊಬ್ಬರು ಶೀಟು ಸಾಲದೆ ಬಂದು, ಕಲೆಯಿದ್ದರೂ ಕೊಡು ಎಂದು ಕೂಗಾಡಿದರಂತೆ. ಕೊಡುವುದಿಲ್ಲ ಎಂದು ಇವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಳಂತೆ. ಇಬ್ಬರೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಒಟ್ಟಿಗೆ ಟೀ ಕುಡಿದರಂತೆ. ಆ ನರ್ಸಿಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಎಂದು ಅಡ್ಡಹೆಸರು, ಸೂಜಿಗಿಂತ ಅವರ ಮಾತು ಚುಚ್ಚುತ್ತದೆ ಎಂದು. ದೊಡ್ಡ ಡಾಕ್ಟರುಗಳೂ ಅವರೆದುರು ಕೈ ತೊಳೆದುಕೊಂಡೇ ಬರುತ್ತಿದ್ದರು. ಉಳಿದವರೆಲ್ಲ ಬೆನ್ನ ಹಿಂದೆ ಇಂಜೆಕ್ಷನ್ ಎನ್ನುತ್ತಿದ್ದರೆ ದೊಡ್ಡಮ್ಮ ಮುಖದ ಮೇಲೇ ಕರೆಯುತ್ತಿದ್ದಳು. ಅವರು ಇವಳನ್ನು ಬೆಡ್‌ಶೀಟು ಎನ್ನುತ್ತಿದ್ದರು. ನಾನು ಸಿಸ್ಟರ್ ಎನ್ನುತ್ತೇನೆ.

ನಿವೃತ್ತಿಯಾದ ಮೇಲೆ ಸಿಸ್ಟರ್ ಕೇಕು ಹಿಡಿದರು. ಒಂಟಿ ಜೀವ, ನಮ್ಮ ಬೀದಿಯಲ್ಲೇ ಮನೆ. ಬಂದ ದುಡ್ಡಿನಲ್ಲಿ ಮೊದಲು ಕೊಂಡದ್ದು ಓವನ್ನು. ಕೆಲಸದುದ್ದಕ್ಕೂ ಔಷಧ ಹನಿ ಹನಿ ಅಳೆದು ಸಾಕಾಗಿದೆ, ಮನೆಯಲ್ಲೂ ಅಳೆಯಲಾರೆ ಎಂದು ಎಲ್ಲವೂ ಕೈಯಂದಾಜು. ಕಿತ್ತಳೆ ಸಿಪ್ಪೆ ತುರಿದು ಹಾಕಿದ ಅವರ ಕೇಕಿನ ರುಚಿಯನ್ನು ಏನೆಂದು ಹೇಳಲಿ! ಶನಿವಾರ ಡಬ್ಬಿ ಹಿಡಿದು ಅವರು ಗೇಟು ತೆಗೆಯುವ ಸದ್ದಾದರೆ ದೊಡ್ಡಪ್ಪ ತಮ್ಮ ಬ್ರೆಡ್ಡನ್ನು ತಾವೇ ಬದಿಗೆ ಸರಿಸುತ್ತಿದ್ದರು. ಡಬ್ಬಿ ಖಾಲಿಯಾಗುವವರೆಗೂ ಸಿಸ್ಟರ್ ಹಳೆಯ ವಾರ್ಡಿನ ಕತೆ ಹೇಳುವರು, ನಾವು ಹೊಟ್ಟೆ ಹಿಡಿದುಕೊಂಡು ನಗುವೆವು.

ಕಳೆದ ವರ್ಷ ಅವರಿಗೆ ಜೋರು ಜ್ವರ ಬಂತು. ಎದ್ದು ಓಡಾಡುವಂತಾದ ಮೇಲೆ ಕೇಕು ಮತ್ತೆ ಶುರುವಾಯಿತು, ಆದರೆ ಹದ ಕೆಟ್ಟಿತು. ಮೊದಮೊದಲು ಚೂರು ಉಪ್ಪು ಮುಂದಾಯಿತು. ಆಮೇಲೆ ಸಿಪ್ಪೆ ಹೆಚ್ಚಾಗಿ ಕಹಿ ಹತ್ತಿತು. ವಾರದಿಂದ ವಾರಕ್ಕೆ ಅದು ಹೆಚ್ಚುತ್ತಲೇ ಹೋಯಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಹಾಗೆ ನಾವು ಉಗುಳಲಾರದೆ ನುಂಗಲಾರದೆ ಕೂತಿರುತ್ತಿದ್ದೆವು. ಸಿಸ್ಟರ್ ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡಮ್ಮನ ಕಡೆಗೇ ತಿರುಗಿ ಹೇಗಿದೆ ಎಂದು ಕೇಳುವರು. ಇವಳ ಉತ್ತರ ನಿಮಗೆ ಗೊತ್ತೇ ಇದೆ.

ಅಷ್ಟರಲ್ಲಿ ದೊಡ್ಡಮ್ಮನ ನಿವೃತ್ತಿ ಬಂತು. ಬೀಳ್ಕೊಡುಗೆಗೆ ಅಂಗಡಿ ಕೇಕು ತಂದರೆ ನನ್ನ ಹೆಣ ಬೀಳುತ್ತದೆ, ಇಡೀ ಆಸ್ಪತ್ರೆಗೆ ನಾನೇ ಮಾಡುತ್ತೇನೆ ಎಂದು ಸಿಸ್ಟರ್ ಸಾರಿಬಿಟ್ಟರು. ಬೀಳ್ಕೊಡುಗೆ ಶುಕ್ರವಾರ. ಅದರ ಹಿಂದಿನ ಶನಿವಾರ ಪರೀಕ್ಷೆಗೆಂದು ಒಂದು ಮಾಡಿ ತಂದರು. ನಾನೊಂದು ಚೂರು ಬಾಯಿಗಿಟ್ಟೆ. ಸಮುದ್ರದ ನೀರಲ್ಲಿ ಹಿಟ್ಟು ಕಲಸಿದ ಹಾಗಿತ್ತು. ದೊಡ್ಡಪ್ಪ ತಮ್ಮ ಪಾಲನ್ನು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿದರು. ಹೇಗಿದೆ ಎಂಬ ಪ್ರಶ್ನೆ ಬಂತು, ಚೆನ್ನಾಗಿದೆ ಎಂಬ ಉತ್ತರ ಹೋಯಿತು, ಸಿಸ್ಟರ್ ಖುಷಿಯಾಗಿ ಮನೆಗೆ ಹೊರಟರು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ನುಗ್ಗಿ, ಶುಕ್ರವಾರ ಎಲ್ಲರೂ ಆಡಿಕೊಂಡು ನಗುತ್ತಾರೆ, ಅವರ ಬಾಯಿಗೆ ಹೆದರಿ ಬದುಕಿದವರೆಲ್ಲ ಒಟ್ಟಿಗೆ ಸೇಡು ತೀರಿಸಿಕೊಳ್ಳುತ್ತಾರೆ, ನೋಡಿಕೊಂಡು ನಿಂತಿರುತ್ತೀಯಾ ಎಂದು ಕೇಳಿದೆ.

ದೊಡ್ಡಮ್ಮ ಪಾತ್ರೆ ಉಜ್ಜುತ್ತಲೇ ಇದ್ದಳು. "ಆಸ್ಪತ್ರೆ ಬಿಟ್ಟ ಮೇಲೆ ಅವಳಿಗೆ ಉಳಿದಿರೋದು ಅದೊಂದೇ ಕಣೇ. ಅದನ್ನೂ ಕಿತ್ಕೊಳ್ಳಲಾ?"

"ಬೆಡ್‌ಶೀಟಲ್ಲಿ ಕಲೆ ಕಂಡ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ. ಗೆಳತಿಗೆ ಹೇಳೋಕೆ ಏನು ಕಷ್ಟ?"

ದೊಡ್ಡಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದಳು. ಜೊತೆಗೆ ಬಾ, ಅಲ್ಲಿ ನನ್ನ ಬಾಯಿ ಕಟ್ಟಿದರೆ ಬೆನ್ನಿಗೊಂದು ಗುದ್ದು ಎಂದಳು. ಸಿಸ್ಟರ್ ಬಿಟ್ಟುಹೋದ ಖಾಲಿ ಡಬ್ಬಿ ಹಿಡಿದು ಇಬ್ಬರೂ ಅವರ ಮನೆಗೆ ಹೋದೆವು. ಸಿಸ್ಟರ್ ಆಗಲೇ ಶುಕ್ರವಾರಕ್ಕೆಂದು ತಂದ ಕಿತ್ತಳೆಗಳನ್ನು ಸಾಲಾಗಿ ಇಟ್ಟುಕೊಂಡು ಒಂದರ ಸಿಪ್ಪೆ ತುರಿಯುತ್ತಿದ್ದರು. ದೊಡ್ಡಮ್ಮ ಕಿಟಕಿಯ ಪರದೆ ಚೆನ್ನಾಗಿದೆ ಎಂದಳು. ಮಂಡಿನೋವಿನ ಮಾತಾಡಿದಳು. ನೀರು ಕೇಳಿ ಕುಡಿದಳು. ನಾನು ಕೆಮ್ಮಿದೆ, ಮತ್ತೆ ಕೆಮ್ಮಿದೆ. ಇನ್ನೇನು ಗುದ್ದಲೇಬೇಕು ಎನ್ನುವಾಗ ಅವಳು ಲೋಟ ಕೆಳಗಿಟ್ಟಳು.

"ಕೇಕು ಚೆನ್ನಾಗಿಲ್ಲ," ಎಂದಳು. "ಉಪ್ಪಾಗಿದೆ. ಕಹಿಯಾಗಿದೆ. ತುಂಬ ದಿನದಿಂದ."

ಸಿಸ್ಟರ್ ಈಗ ಸಿಡಿಯುತ್ತಾರೆ ಎಂದು ನಾನು ಬಾಗಿಲ ಕಡೆ ಸರಿದೆ. ಅವರು ಸಿಡಿಯಲಿಲ್ಲ. ಯಾವಾಗಿನಿಂದ ಎಂದು ಮಾತ್ರ ಕೇಳಿದರು. ಜ್ವರ ಬಂದು ಹೋದಾಗಿನಿಂದ ಎಂದು ದೊಡ್ಡಮ್ಮ ಹೇಳಿದಳು. ಸಿಸ್ಟರ್ ತುರಿಮಣೆಯನ್ನು ಕೆಳಗಿಟ್ಟು ಕುರ್ಚಿಯ ಮೇಲೆ ಕೂತರು.

"ಆ ಜ್ವರದಲ್ಲೇ ನನ್ನ ಬಾಯಿ ರುಚಿ ಹೋಯ್ತು. ವಾಸನೆನೂ ಹೋಯ್ತು. ಈಗ ಸಕ್ಕರೆನೂ ಒಂದೇ, ಸುಣ್ಣಾನೂ ಒಂದೇ. ಯಾರಿಗೂ ಹೇಳಿಲ್ಲ. ನನಗೆ ಸಪ್ಪೆ ಅನ್ನಿಸ್ತಿತ್ತು, ಇನ್ನಷ್ಟು ಹಾಕ್ತಿದ್ದೆ. ನೀನು ಚೆನ್ನಾಗಿದೆ ಅಂತಿದ್ದೆ. ಸರಿ, ಕೈ ಇನ್ನೂ ನೆಟ್ಟಗಿದೆ ಅಂದ್ಕೊಳ್ತಿದ್ದೆ." ಅವರು ದೊಡ್ಡಮ್ಮನ ಮುಖವನ್ನೇ ನೋಡಿದರು. "ಶೀಟಲ್ಲಿ ಸಾಸಿವೆಯಷ್ಟು ಕಲೆನೂ ಬಿಡದವಳು, ಯಾರು ಸುಳ್ಳು ಹೇಳಿದ್ರೂ ನೀನು ಹೇಳಲ್ಲ ಅಂತ ನಿನ್ನ ನಾಲಿಗೆ ನಂಬ್ಕೊಂಡು ಮಾಡ್ತಿದ್ದೆ ಕಣೇ."

ದೊಡ್ಡಮ್ಮ ಏನೋ ಹೇಳಹೋದಳು. ಈಗ ಮನೆಗೆ ಹೋಗು ಎಂದರು ಸಿಸ್ಟರ್. ದನಿ ಏರಿಸದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದಾರಿಯಲ್ಲಿ ದೊಡ್ಡಮ್ಮ ಅಳಲಿಲ್ಲ, ಆದರೆ ನಮ್ಮ ಗೇಟು ದಾಟಿ ಮುಂದೆ ಹೋಗಿಬಿಟ್ಟಳು. ನಾನೇ ಕೈ ಹಿಡಿದು ವಾಪಸ್ ಕರೆತಂದೆ. ಹೇಳು ಹೇಳು ಎಂದು ಅವಳ ಬೆನ್ನು ಹತ್ತಿದವಳು ನಾನು. ಸತ್ಯಕ್ಕೆ ಇಷ್ಟು ಭಾರವಿದೆ ಎಂದು ನನಗೂ ತಿಳಿದಿರಲಿಲ್ಲ.

ಸೋಮವಾರ, ಮಂಗಳವಾರ ಸಿಸ್ಟರ್ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಫೋನೂ ಎತ್ತಲಿಲ್ಲ. ದೊಡ್ಡಮ್ಮ ಕೆಲಸಕ್ಕೆ ಹೋಗುವಳು, ಬರುವಳು, ಸುಮ್ಮನೆ ಕೂರುವಳು. ಅವಳನ್ನು ನಗಿಸಬೇಕೆಂದು ದೊಡ್ಡಪ್ಪ ವಾರದ ನಡುವೆಯೇ ಬ್ರೆಡ್ಡು ಬೇಯಿಸಿದರು. ಅವಳು ಒಂದು ಚೂರು ಕಚ್ಚಿ, ಅಗಿದು, ತಟ್ಟೆಯಲ್ಲಿ ವಾಪಸ್ ಇಟ್ಟಳು. ಕಲ್ಲಾಗಿದೆ, ನನ್ನಿಂದ ಆಗುವುದಿಲ್ಲ ಎಂದಳು. ದೊಡ್ಡಪ್ಪ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಮೊದಲೇ ಹೇಳೋದಲ್ವಾ," ಎಂದರು. "ನಿನಗಿಷ್ಟ ಅಂತ ನಾನೂ ಇಷ್ಟು ವರ್ಷ ಅದನ್ನೇ ತಿಂದೆ."

ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡಮ್ಮನೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಚೆನ್ನಾಗಿದೆ ಎಂಬ ಒಂದು ಮಾತಿನಿಂದ ಅವಳು ಎಷ್ಟು ಜನರಿಗೆ ಎಷ್ಟು ಕಲ್ಲು ತಿನ್ನಿಸಿದಳೋ ಎಂದು ನನಗನಿಸಿತು. ಬಹುಶಃ ಅವಳಿಗೂ ಅದೇ ಅನಿಸಿರಬೇಕು.

ಗುರುವಾರ ಸಂಜೆ ಕೆಲಸ ಮುಗಿಸಿದವಳು ಮನೆಗೆ ಬರಲಿಲ್ಲ. ಹುಡುಕಿಕೊಂಡು ಸಿಸ್ಟರ್ ಮನೆಗೆ ಹೋದೆ. ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಸಿಸ್ಟರ್ ಬಾಗಿಲು ತೆಗೆಯದೆ ಕಿಟಕಿಯಿಂದಲೇ, ನಾಳೆ ಕೇಕಿಲ್ಲ, ಅಂಗಡಿಯಿಂದ ತರಿಸಿಕೋ ಎಂದರಂತೆ. ಅಂಗಡಿ ಕೇಕು ತಂದರೆ ನಿನ್ನ ಹೆಣ ಬೀಳುತ್ತದಲ್ಲ, ಹೊರುವವರು ಯಾರು ಎಂದು ಇವಳು ಮೆಟ್ಟಿಲ ಮೇಲೆ ಕೂತೇಬಿಟ್ಟಳಂತೆ. ತೆಗೆದರೆ ಒಳಗೆ, ಇಲ್ಲದಿದ್ದರೆ ಇಲ್ಲೇ ಎಂದಳಂತೆ. ಬೀದಿಯವರು ಇಣುಕತೊಡಗಿದ ಮೇಲೆ ಸಿಸ್ಟರ್ ಬಾಗಿಲು ತೆಗೆದರಂತೆ.

ನಾನು ಹೋದಾಗ ಒಳಗೆ ಮಹಾ ಜಗಳ. ದೊಡ್ಡಮ್ಮ ಎತ್ತರದ ಸ್ಟೂಲಿನ ಮೇಲೆ ಚಮಚ ಹಿಡಿದು ಕೂತಿದ್ದಳು. ಕಲಸಿದ ಹಿಟ್ಟನ್ನು ನೆಕ್ಕಿ, ಉಪ್ಪು ಜಾಸ್ತಿ ಎನ್ನುವಳು. ಚಿಟಿಕೆಯಷ್ಟೇ ಹಾಕಿರುವುದು ಎಂದು ಸಿಸ್ಟರ್ ಕೂಗುವರು. ನಿನ್ನ ಚಿಟಿಕೆ ಯಾರಿಗೆ ಬೇಕು, ಜಾಸ್ತಿ ಅಂದರೆ ಜಾಸ್ತಿ ಎಂದು ಇವಳು ಕೂಗುವಳು. ಒಂದು ಬಟ್ಟಲು ಹಿಟ್ಟು ಕಸದ ಬುಟ್ಟಿಗೆ ಹೋಯಿತು. ಎರಡನೆಯದಕ್ಕೆ ಸಿಪ್ಪೆ ಹೆಚ್ಚಾಯಿತು, ಅದೂ ಹೋಯಿತು. ಕಲೆ ಕಂಡ ಶೀಟನ್ನು ವಾಪಸ್ ಕಳಿಸುವಾಗಿನ ಅದೇ ಮುಖ ದೊಡ್ಡಮ್ಮನದು. ನನಗೆ ಮೊಟ್ಟೆ ಒಡೆಯುವ ಕೆಲಸ ಕೊಟ್ಟರು, ಅದೂ ಸರಿಯಿಲ್ಲವೆಂದು ಇಬ್ಬರೂ ಸೇರಿ ಬೈದರು. ಆ ಬೈಗುಳ ಕೇಳಿ ನನ್ನ ಮನಸ್ಸು ಹಗುರಾಯಿತು.

ಶುಕ್ರವಾರ ಬಟ್ಟೆ ಕೋಣೆಯ ಮೇಜಿನ ಮೇಲೆ ಬಿಳಿ ಶೀಟು ಹಾಸಿ ಕೇಕು ಇಟ್ಟರು. ಡಾಕ್ಟರುಗಳು, ನರ್ಸುಗಳು, ಇಸ್ತ್ರಿಯವರು, ಮೇಲ್ವಿಚಾರಕ, ಎಲ್ಲ ಬಂದರು. ಒಬ್ಬಿಬ್ಬರು ಭಾಷಣ ಮಾಡಿದರು. ಕೇಕಿನ ಬಗ್ಗೆ ಯಾರೂ ಹೆಚ್ಚೇನೂ ಹೇಳಲಿಲ್ಲ, ಎರಡನೇ ತುಂಡು ಮಾತ್ರ ಕೇಳಿ ಕೇಳಿ ಹಾಕಿಸಿಕೊಂಡರು. ಸಿಸ್ಟರ್ ತಾವೇ ನಿಂತು ಎಲ್ಲರಿಗೂ ಕತ್ತರಿಸಿ ಕೊಟ್ಟರು, ಹಳೆಯವರನ್ನೆಲ್ಲ ಹಳೆಯ ದನಿಯಲ್ಲೇ ಗದರಿಸಿದರು. ತಾವು ಮಾತ್ರ ಒಂದು ಚೂರೂ ಬಾಯಿಗಿಡಲಿಲ್ಲ. ದೊಡ್ಡಮ್ಮ ಅದನ್ನು ನೋಡುತ್ತಲೇ ಇದ್ದಳು.

ಎಲ್ಲ ಹೋದ ಮೇಲೆ ನಾನು ತಟ್ಟೆ ಜೋಡಿಸುತ್ತಿದ್ದೆ. ಅವರಿಬ್ಬರೂ ಹಿಂದಿನ ಬಾಗಿಲಾಚೆ, ಬಟ್ಟೆ ಒಣಗಿಸುವ ಅಂಗಳದ ಬೆಂಚಿನ ಮೇಲೆ ಕೂತರು. ದೊಡ್ಡಮ್ಮ ಎತ್ತಿಟ್ಟಿದ್ದ ಎರಡು ತುಂಡುಗಳಲ್ಲಿ ಒಂದನ್ನು ಸಿಸ್ಟರ್ ಕೈಗಿಟ್ಟಳು. ನನಗೇಕೆ ದಂಡ, ಮಣ್ಣು ತಿಂದ ಹಾಗಿರುತ್ತದೆ ಎಂದರು ಅವರು.

"ನೀನು ತಿನ್ನು, ನಾನು ಹೇಳ್ತೀನಿ," ಎಂದಳು ದೊಡ್ಡಮ್ಮ.

ಸಿಸ್ಟರ್ ಅವಳನ್ನು ವಿಚಿತ್ರವಾಗಿ ನೋಡಿ, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ದೊಡ್ಡಮ್ಮ ತಾನೂ ಒಂದು ತುತ್ತು ಇಟ್ಟುಕೊಂಡಳು. ತಿನ್ನುವುದರ ಬಗ್ಗೆ ಜೀವಮಾನವಿಡೀ ಒಂದೇ ಮಾತು ಆಡಿದವಳು, ಹೊಸದಾಗಿ ಮಾತು ಕಲಿಯುವವರ ಹಾಗೆ ತಡವರಿಸುತ್ತ ಶುರುಮಾಡಿದಳು.

"ಮೊದಲು ಬೆಣ್ಣೆ ಬರುತ್ತೆ. ಅದರ ಹಿಂದೆನೇ ಸಿಹಿ, ಜೋರಾಗಿಲ್ಲ. ಕಿತ್ತಳೆ ಆಮೇಲೆ ಬರುತ್ತೆ, ನಾಲಿಗೆಗಿಂತ ಮೊದಲು ಮೂಗಿಗೆ. ಅಂಚಲ್ಲಿ ಕೆಂಪಾಗಿದೆ ನೋಡು, ಅಲ್ಲಿ ಸಕ್ಕರೆ ಚೂರು ಸುಟ್ಟಿದೆ, ಅದು ನನಗೆ ಇಷ್ಟ. ನಡುವೆ ಇನ್ನೂ ಸ್ವಲ್ಪ ಬೇಯಬೇಕಿತ್ತು, ಹಲ್ಲಿಗೆ ಅಂಟುತ್ತೆ. ಉಪ್ಪು ಎಲ್ಲಿದೆ ಅಂತ ಹುಡುಕಬೇಕು." ಅವಳ ಮಾತು ಅಲ್ಲಿಗೆ ಮುಗಿಯಿತು. ನಾಚಿಕೊಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಸಿಸ್ಟರ್ ಕಣ್ಣು ತೆರೆಯಲಿಲ್ಲ. ನಿಧಾನವಾಗಿ ಅಗಿಯುತ್ತಲೇ ಇದ್ದರು.

"ನಿಲ್ಲಿಸಬೇಡ," ಎಂದರು. "ಬಾಯಲ್ಲಿ ಇನ್ನೂ ಇದೆ."