ಶುಕ್ರವಾರ ಕೆಡದ ಯಂತ್ರ

ಉಸ್ತಾದರು ನಮ್ಮ ಕಚೇರಿಗೆ ಒಂದೇ ಚಪ್ಪಲಿ ಬಿಚ್ಚಿ ಬರುತ್ತಿದ್ದರು. ಬಲಗಾಲಿನದು ಹೊಸ್ತಿಲಾಚೆ ಉಳಿಯುತ್ತಿತ್ತು, ಎಡಗಾಲಿನದು ಕಾಲಲ್ಲೇ ಇರುತ್ತಿತ್ತು. ನಮ್ಮ ಪರಸಿ ಕಲ್ಲಿನ ನೆಲದ ಮೇಲೆ ಅವರ ಒಂದು ಹೆಜ್ಜೆಗೆ ಸದ್ದು, ಇನ್ನೊಂದಕ್ಕೆ ಇಲ್ಲ. ಕಣ್ಣು ಮುಚ್ಚಿ ಕೇಳಿದವರಿಗೆ ಒಂಟಿಕಾಲಿನ ಮನುಷ್ಯ ಕುಂಟುತ್ತ ಬಂದಂತೆ ಅನಿಸಬೇಕು. ಒಮ್ಮೆ ಕೇಳಿಯೇಬಿಟ್ಟೆ.

“ಎರಡೂ ಬಿಚ್ಚಿದ್ರ ಕುಂದ್ರಿ ಅಂತೀರಿ. ಕುಂತ್ರ ಮಾತು ಹತ್ತತದ. ಮಾತು ಮುಗಿಯೂದ್ರಾಗ ನಮ್ಮ ಗಾಡಿ ವಾಡಿ ಮುಟ್ಟಿರ್ತದ್ರಿ” ಎಂದರು.

ಅವರ ಅಂಗಡಿ ಇದ್ದದ್ದು ವಾಡಿಯಲ್ಲಿ, ರೈಲು ಸ್ಟೇಷನ್ನಿನ ಹತ್ತಿರ. ರೇಡಿಯೋ, ಟೇಪ್ ರೆಕಾರ್ಡರ್, ಆಮೇಲೆ ಟೀವಿ ರಿಪೇರಿ ಮಾಡುತ್ತ ಬಂದವರು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಾವುದೋ ಹರಾಜಿನಲ್ಲಿ ಕೆಟ್ಟ ಕಂಪ್ಯೂಟರೊಂದನ್ನು ಕೊಂಡು ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಆ ವಿದ್ಯೆಯನ್ನೂ ಕಲಿತುಕೊಂಡಿದ್ದರು. ಬೆಸುಗೆ ಕಡ್ಡಿ ಮುಟ್ಟಿ ಮುಟ್ಟಿ ಅವರ ಹೆಬ್ಬೆರಳು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. ಅಂಗಿಯ ಜೇಬಿನಲ್ಲಿ ಬಣ್ಣ ಬಳಿಯುವ ಸಣ್ಣ ಬ್ರಷ್ಷು, ಬಾಯಲ್ಲಿ ಲವಂಗ, ಕಣ್ಣು ಗಡಿಯಾರದ ಮೇಲೆ. ಅವರು ಒಂದು ಕಡೆ ನಿಂತಿದ್ದಾಗಲೂ ಹೊರಟಂತೆಯೇ ಕಾಣುತ್ತಿದ್ದರು.

ನಾನು ಶಹಾಬಾದಿನ ಒಂದು ಖಾಸಗಿ ಪ್ರೌಢಶಾಲೆಯ ಗುಮಾಸ್ತ. ಇಪ್ಪತ್ತೆರಡು ವರ್ಷ ಟೈಪ್‌ರೈಟರನ್ನು ಆಳಿದವನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕಚೇರಿಗೆ ಕಂಪ್ಯೂಟರ್ ತರಲು ನಿಶ್ಚಯಿಸಿದಾಗ, ಅದರಿಂದ ಶಾಲೆಗೂ ನಾಡಿಗೂ ಒದಗಬಹುದಾದ ಅನಾಹುತಗಳನ್ನು ವಿವರಿಸಿ ನಾಲ್ಕು ಪುಟದ ಮನವಿಯೊಂದನ್ನು ಟೈಪ್ ಮಾಡಿ, ಮೂರು ಪ್ರತಿಗಳಲ್ಲಿ ಸಲ್ಲಿಸಿದೆ. ಮೊದಲ ಪ್ರತಿಯನ್ನು ಅವರು ಓದಿದರು. ಮರುವಾರವೇ ಕಂಪ್ಯೂಟರ್ ಬಂತು.

ಬಂದ ಮೊದಲ ವಾರದಲ್ಲೇ ಅದು ಹಟ ಹಿಡಿಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕೆಲವು ದಿನ ಯೋಗ್ಯ ರೀತಿಯಲ್ಲಿ ತೆರೆದುಕೊಳ್ಳುವುದು. ಕೆಲವು ದಿನ ಮಾತ್ರ ಅಡ್ಡದಾರಿ ಹಿಡಿದು, ನೀಲಿ ಪರದೆಯ ತುಂಬ ಬಿಳಿ ಇಂಗ್ಲಿಷ್ ಅಕ್ಷರ ಹರವಿಕೊಂಡು ಕುಳಿತುಬಿಡುವುದು. ಏನು ಒತ್ತಿದರೂ ಕೇಳುತ್ತಿರಲಿಲ್ಲ. ಒತ್ತಬಾರದ್ದನ್ನು ಒತ್ತುವ ಧೈರ್ಯ ನನಗೂ ಇರಲಿಲ್ಲ. ಬಂದ್ ಮಾಡುವುದು, ಪ್ರಾರ್ಥನೆ ಮುಗಿಯುವವರೆಗೆ ಕಾಯುವುದು, ಮತ್ತೆ ಹಚ್ಚುವುದು. ಮನೆಯಿಂದ ಹೊರಟಾಗಲೇ ಎದೆಯಲ್ಲಿ ಒಂದು ಹುಳ ಹರಿಯಲು ಶುರುವಾಗುತ್ತಿತ್ತು: ಇವತ್ತು ನೀಲಿಯೋ, ಅಲ್ಲವೋ?

ಉಸ್ತಾದರು ಮೊದಲ ಸಲ ಬಂದು ಸ್ವಿಚ್ ಹಾಕಿದರು. ಯಂತ್ರ ನೆಟ್ಟಗೆ ತೆರೆಯಿತು. ಮನೆಯಲ್ಲಿ ರಂಪ ಮಾಡಿ ಬೀಗರ ಎದುರು ಕೈಕಟ್ಟಿ ಕೂಡುವ ಕೂಸಿನ ಹಾಗೆ.

“ಚಲೋ ಅದಲ್ರಿ” ಎಂದರು.

“ನೀವು ಬಂದೀರಂತ ಚಲೋ ಅದ. ನೀವು ಹೋದ್ರ ನೀಲಿ ಬರ್ತದ.”

ನೀಲಿ ಪರದೆ ಏನೆಂದು ಆಗ ಬಿಡಿಸಿ ಹೇಳಿದರು. “ಅದು ಮಷೀನಿನ ಒಳಗಿನ ಖೋಲಿ ಇದ್ದಂಗ್ರಿ, ಆಚಾರ್ರೆ. ತಿಜೋರಿ, ದೇವರು, ಕಾಗದಪತ್ರ ಎಲ್ಲಾ ಅಲ್ಲೇ. ಮನಿ ಯಜಮಾನ ಹೋಗೂ ಜಾಗ. ನೀವು ಪಡಸಾಲಿಗೆ ಹೋಗಬೇಕಾದವ್ರು ಸೀದಾ ಅಲ್ಲಿಗೆ ಹೊಂಟೀರಿ.”

“ನಾ ಎಲ್ಲಿ ಹೊಂಟೀನಿ? ಅದೇ ಕರಕೊಂಡು ಹೊಂಟದ.”

ಮುಂದೆ ಮೂರು ಸಲ ಬಂದರು. ಒಳಗಿನ ಗುಂಡಿ ಸೆಲ್ ಬದಲಿಸಿದರು. ಎಂಟನೇ ತರಗತಿಯಿಂದ ಒಂದು ರಬ್ಬರ್ ತರಿಸಿ, ಒಳಗಿನ ಹಸಿರು ಪಟ್ಟಿಯೊಂದರ ಹಲ್ಲುಗಳನ್ನು ಉಜ್ಜಿದರು. ಹೊಸ ಕೀಬೋರ್ಡ್ ಹಾಕಿದರು. ಪ್ರತಿ ಸಲವೂ ಅವರ ಎದುರು ಯಂತ್ರಕ್ಕೆ ಪರಿಪೂರ್ಣ ಆರೋಗ್ಯ. ಅವರ ಗಾಡಿ ಹೋದ ಮರುದಿನವೋ ಮೂರನೇ ದಿನವೋ ಮತ್ತೆ ನೀಲಿ.

ಹತ್ತನೆಯ ತರಗತಿಯ ಪರೀಕ್ಷಾರ್ಥಿಗಳ ಪಟ್ಟಿ ಹೋಗಬೇಕಾದ ಕಾಲ ಅದು. ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ನಾಲ್ಕು ಪುಟದ ಮನವಿ ಇತ್ತು.

“ನಿಮಗ ಇದು ಬ್ಯಾಡಾಗಿತ್ತು, ಹೌದಿಲ್ರಿ?”

“ಆಗ ಬ್ಯಾಡಾಗಿತ್ತುರಿ.”

“ಈಗ ಅದು ದಿನಾ ಕೆಡ್ಲಿಕತ್ತದ. ಅಂಥಾ ಶಾಣ್ಯಾ ಉಸ್ತಾದ್‌ಗೂ ರೋಗ ಸಿಗವಲ್ದು. ಅಂದ್ರ ರೋಗ ಮಷೀನಿಂದಲ್ಲ, ಮಷೀನಿನ ಮುಂದ ಕುಂತವ್ರದು. ಬರೂ ಸೋಮವಾರದ ತನಕಾ ನೋಡ್ತೀನಿ. ನಿಮ್ಮ ಕೈಯಿಂದಲೇ ಕೆಡ್ಲಿಕತ್ತದಂತ ಗೊತ್ತಾತಂದ್ರ, ನಮ್ಮ ಚಿಂಚೋಳಿ ಹಾಸ್ಟೆಲಿನ ಉಗ್ರಾಣಕ್ಕ ಒಬ್ಬರು ಬೇಕಾಗ್ಯಾರ.”

ನನ್ನ ಹೆಂಡತಿ ಇದೇ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಅದೇ ವರ್ಷ ಹತ್ತನೆಯ ತರಗತಿ. ನಾನು ಚಿಂಚೋಳಿಯಲ್ಲಿ ಬೇಳೆಯ ಚೀಲಗಳ ನಡುವೆ ಒಬ್ಬನೇ ಕುಳಿತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಚೀಲಗಳಿಗಿಂತ ಹೆಚ್ಚಾಗಿ ಚುಚ್ಚಿದ್ದು ಸಂಶಯ. ಮನವಿ ಕೊಟ್ಟವನು ನಾನೇ ನಿಜ. ಆದರೆ ಬಂದ ಯಂತ್ರವನ್ನು ಮೋಸದಿಂದ ಕೆಡಿಸುವ ಮನುಷ್ಯ ನಾನಲ್ಲ. ಹೆಂಡತಿ ಸನ್ನತಿಯ ದೇವಿಗೆ ಹರಕೆ ಹೊತ್ತಳು. ನಾನು ನನ್ನ ಪದ್ಧತಿಯಂತೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಅಂಕಣ ಹಾಕಿದ್ದೆ: ವಾರ, ತಿಥಿ, ಸಮಯ, ಪರದೆಯ ಬಣ್ಣ. ಷರಾ ಬರೆಯುವುದಕ್ಕೂ ಒಂದು ಅಂಕಣ.

ಐದನೆಯ ಸಲ ಬಂದಾಗ ಆ ನೋಟ್‌ಬುಕ್ಕನ್ನು ಉಸ್ತಾದರ ಕೈಗೆ ಕೊಟ್ಟೆ. ಚಿಂಚೋಳಿಯ ಮಾತನ್ನೂ ಹೇಳಿದೆ. ಗಡಿಯಾರ ನೋಡುತ್ತಿದ್ದವರು ನೋಡುವುದನ್ನು ಬಿಟ್ಟು ಹಾಳೆ ತಿರುವಿದರು.

“ಶುಕ್ರವಾರ ಒಮ್ಮೆನೂ ನೀಲಿ ಬಂದಿಲ್ಲಲ್ರಿ.”

“ಲಕ್ಷ್ಮೀ ವಾರ” ಎಂದೆ, ಸ್ವಲ್ಪ ಅಭಿಮಾನದಿಂದಲೇ.

“ನಮ್ಮ ಜುಮ್ಮಾನೂ ಹೌದಲ್ರಿ. ಪುಣ್ಯ ಯಾರ ಕಡಿ ಬರಕೋಳೂಣು?” ಎಂದು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ನಮ್ಮ ಕಂಪೌಂಡಿನ ಆಚೆಗೇ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳು. ಅವುಗಳ ಬಿಳಿ ಹಿಟ್ಟು ನಮ್ಮ ಹಾಜರಿ ಪುಸ್ತಕದ ಮೇಲೂ ಮುಖ್ಯೋಪಾಧ್ಯಾಯರ ತಲೆಯ ಮೇಲೂ ಸಮನಾಗಿ ಬೀಳುತ್ತಿತ್ತು.

“ಇವಕ್ಕ ಕರೆಂಟ್ ಯಾವತ್ತು ತಗೀತಾರ್ರಿ?”

“ಗುರುವಾರ.”

“ಗುರುವಾರ ಪಾಲಿಶ್ ಬಂದ್, ಶುಕ್ರವಾರ ನಿಮ್ಮ ಮಷೀನ್ ಚಲೋ. ಲಕ್ಷ್ಮೀನೂ ಅಲ್ಲ, ಜುಮ್ಮಾನೂ ಅಲ್ರಿ” ಎಂದು ನೋಟ್‌ಬುಕ್ ಮುಚ್ಚಿದರು. “ನಾಳೆ ಮುಂಜಾನೆ ಮೊದಲ ಗಾಡಿಗೆ ಬರ್ತೀನಿ. ನೀವು ಕೀಲಿ ತಗಿಯೂದ್ರಾಗ ಇಲ್ಲಿರ್ತೀನಿ.”

ಹೇಳಿದಂತೆ ಬಂದರು. ಬಾಗಿಲಲ್ಲಿ ಎರಡೂ ಚಪ್ಪಲಿ ಬಿಚ್ಚಿದರು. ಮೂಲೆಯ ಕುರ್ಚಿಯಲ್ಲಿ ಕುಳಿತರು. ಆ ಮನುಷ್ಯ ಕುಳಿತದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಕುಳಿತರೂ ಮೊಣಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತಲೇ ಇತ್ತು.

“ದಿನಾ ಹೆಂಗ ಮಾಡ್ತೀರಿ, ಹಂಗ ಮಾಡ್ರಿ. ನಾ ಇಲ್ಲಿ ಇಲ್ಲಂತ ತಿಳ್ಕೋರಿ.”

ನಾನು ಸ್ವಿಚ್ ಹಾಕಿದೆ. ಯಂತ್ರ ಗುರುಗುಟ್ಟತೊಡಗಿತು. ಅದು ಎಚ್ಚರಾಗಲು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನು ವ್ಯರ್ಥ ಮಾಡುವುದು ನನ್ನ ಸ್ವಭಾವದಲ್ಲಿಲ್ಲ. ಕೀಬೋರ್ಡಿನ ಮೇಲೆ ರಾತ್ರಿಯಿಡೀ ಬಿದ್ದ ಕಲ್ಲಿನ ಹಿಟ್ಟು ಬೆಳ್ಳಗೆ ಕೂತಿತ್ತು. ಟೈಪಿಂಗ್ ಕಲಿಸಿದ ಗುರುಗಳು ಹಾಕಿಕೊಟ್ಟ ಶಿಸ್ತು: ಧೂಳಿದ್ದರೆ ಒರೆಸದೆ ಅಕ್ಷರ ಮುಟ್ಟಬಾರದು. ಖಾನೆಯಿಂದ ಹಳದಿ ಬಟ್ಟೆ ತೆಗೆದು ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಒತ್ತಿ ಒರೆಸಿದೆ. ಬಟ್ಟೆ ಬಲತುದಿ ಮುಟ್ಟಿತು. ಪರದೆ ನೀಲಿಯಾಯಿತು.

“ನಿಂದರ್ರಿ” ಎಂದರು ಉಸ್ತಾದರು. ಮೊಣಕಾಲು ನಿಂತಿತ್ತು. “ಬಂದ್ ಮಾಡ್ರಿ. ಈಗ ಒರಸಲಾರ್ದ ಹಚ್ರಿ.”

ನೆಟ್ಟಗೆ ತೆರೆಯಿತು.

“ಮತ್ತ ಬಂದ್ ಮಾಡ್ರಿ. ಒರಸ್ಕೋತ ಹಚ್ರಿ.”

ನೀಲಿ.

ಬಲಗಡೆಯ ಒಂದು ಗುಂಡಿಯ ಮೇಲೆ ಆ ಸುಟ್ಟ ಹೆಬ್ಬೆರಳು ಇಟ್ಟು ತೋರಿಸಿದರು. ಡಿಲೀಟ್ ಎಂದು ಬರೆದಿತ್ತು. ಯಂತ್ರ ಏಳುವ ಹೊತ್ತಿನಲ್ಲಿ ಅದನ್ನು ಒತ್ತಿದರೆ ಒಳಗಿನ ಖೋಲಿಯ ಬಾಗಿಲು ತೆರೆಯುತ್ತದಂತೆ. ಧೂಳು ಬಿದ್ದ ದಿನ ನಾನು ಒರೆಸುತ್ತಿದ್ದೆ, ಬಾಗಿಲು ತೆರೆಯುತ್ತಿದ್ದೆ. ಗುರುವಾರ ಧೂಳಿಲ್ಲ, ಶುಕ್ರವಾರ ಒರೆಸುತ್ತಿರಲಿಲ್ಲ. ಬಟ್ಟೆ ಆ ಗುಂಡಿಯನ್ನು ಹೊತ್ತು ಮೀರಿ ಮುಟ್ಟಿದ ದಿನ ಯಂತ್ರ ನನ್ನನ್ನು ಕ್ಷಮಿಸಿಬಿಡುತ್ತಿತ್ತು. ಉಸ್ತಾದರು ಬರುವ ಹೊತ್ತಿಗೆ ಒರೆಸಿ ಮುಗಿದಿರುತ್ತಿತ್ತು.

ಕಾರ್ಯದರ್ಶಿಗಳ ಮಾತು ಅಕ್ಷರಶಃ ಸತ್ಯವಾಗಿತ್ತು. ನನ್ನ ಕೈಯಿಂದಲೇ ಕೆಡುತ್ತಿತ್ತು.

“ಇನ್ನ ಚಿಂಚೋಳಿಗೆ ಗಂಟು ಕಟ್ಟಬೇಕು” ಎಂದೆ.

“ಯಾಕ ಕಟ್ತೀರಿ? ಮೊದ್ಲ ಒರಸ್ರಿ, ಆಮ್ಯಾಲ ಸ್ವಿಚ್ ಹಾಕ್ರಿ. ಇಷ್ಟೇ ಔಷಧ.” ಹಳದಿ ಬಟ್ಟೆ ಮಡಿಸಿ ನನ್ನ ಕೈಗೆ ಕೊಟ್ಟು, “ಒರಸೂದು ಬಿಡಬ್ಯಾಡ್ರಿ ಮತ್ತ. ಒರಸೂ ಮಂದಿ ಭಾಳ ಕಮ್ಮಿ ಆಗ್ಯಾರ” ಎಂದರು.

ಕಾರ್ಯದರ್ಶಿಗಳ ಕೋಣೆಗೆ ಇಬ್ಬರೂ ಹೋದೆವು. ಏನಾಗಿತ್ತು ಎಂದು ಅವರು ಕೇಳಿದರು. ಉಸ್ತಾದರ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೆಲ್ ಬದಲಿಸಿದಾಗ ಹಳೆಯ ಸೆಲ್ಲನ್ನೂ ಕೈಗೆ ಕೊಟ್ಟು, “ಇದೂ ಚಲೋನೇ ಇತ್ತುರಿ, ನಾನೇ ಅವಸರ ಮಾಡಿದೆ” ಎಂದ ಮನುಷ್ಯ.

“ಧೂಳ್ರಿ, ಸಾಹೇಬ್ರ” ಎಂದರು.

“ಧೂಳು? ಐದು ಸಲ ಬಂದಿ, ಸೆಲ್ ಹಾಕಿದಿ, ಕೀಬೋರ್ಡ್ ಹಾಕಿದಿ. ಕಣ್ಣ ಮುಂದಿನ ಧೂಳು ಕಾಣಲಿಲ್ಲೇನಪಾ?”

“ಕಾಣಲಿಲ್ರಿ. ಚೂಕ್ ನಂದೇ.”

“ನಿನಗ ಸೇಡಂ, ಚಿತ್ತಾಪುರದ ಸಾಲಿ ಕಂಪ್ಯೂಟರೂ ಒಪ್ಪಿಸಬೇಕಂತ ಮಾಡಿದ್ದೆ. ಧೂಳ ಕಾಣದವ್ಗ ಏನು ಒಪ್ಪಿಸ್ಲಿ? ಇನ್ನ ಮುಂದ ಗುಲಬರ್ಗಾದವ್ರು ನೋಡ್ತಾರ. ನೀ ಬರೂದು ಬ್ಯಾಡ.”

“ಆತ್ರಿ” ಎಂದರು ಉಸ್ತಾದರು.

ಆ ಕ್ಷಣದಲ್ಲಿ ನಾನು ಮಾಡಿದ ಘನಕಾರ್ಯವನ್ನು ದಾಖಲಿಸಬೇಕು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಆ ತಿಂಗಳ ಏಕಾದಶಿ ಯಾವಾಗ ಬಂತೆಂದು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದೆ. ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು, ಕರ್ತೃ ಕರ್ಮ ಕ್ರಿಯಾಪದ ಸಮೇತ. ಅದು ಹೊರಗೆ ಬರಲಿಲ್ಲ. ನಾನು ಏಕಾದಶಿ ಹುಡುಕಿ ಮುಗಿಸುವುದರೊಳಗೆ ಅವರ ಗಾಡಿ ಹೊರಟಿತ್ತು.

ಮುಂದಿನ ವಾರ ಗುಲಬರ್ಗಾದಿಂದ ಒಬ್ಬರು ಬಂದರು. ಡಬ್ಬಿ ಬಿಚ್ಚಿದರು, ಊದಿದರು, ಮುಚ್ಚಿದರು. ನಾನು ಒರೆಸಿ ಆಮೇಲೆ ಸ್ವಿಚ್ ಹಾಕುತ್ತಿದ್ದೆ. ನೀಲಿ ಪರದೆ ಮತ್ತೆ ಬರಲಿಲ್ಲ. ಮಗಳು ಮನೆಯಲ್ಲೇ ಓದಿ ಪಾಸಾದಳು. ಅದೇ ಕುರ್ಚಿಯಲ್ಲಿ ಕುಳಿತು, ಅದೇ ಕುರ್ಚಿಯಿಂದ ಎದ್ದು ಹಾರ ಹಾಕಿಸಿಕೊಂಡು ನಿವೃತ್ತನಾದೆ.

ನಡುವೆ ಒಮ್ಮೆ ವಾಡಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನ ಮೇಲೆ ಸಿಕ್ಕಿದರು. “ಆ ದಿನ ಸಾಹೇಬ್ರ ಮುಂದ ನಾ ಹೇಳಬೇಕಾಗಿತ್ತು” ಎಂದು ಶುರು ಮಾಡಿದೆ. “ಮಗಳು ಏನು ಓದ್ಲಿಕತ್ತಾಳ್ರಿ?” ಎಂದು ಕೇಳಿದರು. ಬಿಎಸ್ಸಿ ಎಂದೆ. “ಭಾಳ ಚಲೋ ಆತು” ಎಂದು ಒಂದು ಲವಂಗ ಕೊಟ್ಟು, ನನ್ನ ಚೀಲವನ್ನು ತಾವೇ ಎತ್ತಿ ಗಾಡಿಯ ಡಬ್ಬಿಯೊಳಗಿಟ್ಟು ಇಳಿದು ಹೋದರು. ಮತ್ತೆ ಕಾಣಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳಾದ ಮೇಲೆ. ವಾಡಿಗೆ ಹೋದೆ. ಅಂಗಡಿಗೆ ಬೀಗ ಬಿದ್ದಿತ್ತು. ಮನೆಯವರು ಒಳಗೆ ಕರೆದರು, ಕೂರಿಸಿದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಶಹಾಬಾದಿನ ಶಾಲೆಯ ಕೆಲಸ ಯಾಕೆ ಹೋಯಿತೆಂದು ಉಸ್ತಾದರು ಮನೆಯಲ್ಲೂ ಹೇಳಿರಲಿಲ್ಲ. ನಾನೂ ಏನೂ ಹೇಳಲಾರದೆ ಕೈಮುಗಿದು ಎದ್ದು ಬಂದೆ.

ಮರುದಿನ ಮಾಜಿ ಕಾರ್ಯದರ್ಶಿಗಳ ಮನೆಗೆ ಹೋದೆ. ಮಂಡಿನೋವಿನಿಂದ ಅವರು ಅಂಗಳದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಿಂತುಕೊಂಡೇ ಹೇಳಿದೆ.

“ಆ ಕಂಪ್ಯೂಟರ್ ಕೆಡಿಸಿದ್ದು ನಾನ್ರಿ. ಉಸ್ತಾದರ ಚೂಕ್ ಇರಲಿಲ್ಲ. ನನ್ನ ಉಳಿಸಲಿಕ್ಕ ತಮ್ಮ ಮ್ಯಾಲ ಹಾಕ್ಕೊಂಡ್ರು.”

“ಗುಲಬರ್ಗಾದವ್ರು ಬಂದು ಚಲೋ ಮಾಡಿದ್ರಲ್ಲ, ಅದೇನು?”

“ಅವ್ರು ಏನೂ ಮಾಡಲಿಲ್ರಿ.”

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. “ಇದನ್ನ ಹೇಳಲಿಕ್ಕ ಈ ಬಿಸಿಲಾಗ ಬಂದ್ರೇನ್ರಿ? ಯಾವ ಕಾಲದ ಮಾತದು. ಹೋಗ್ಲಿ ಬಿಡ್ರಿ ಆಚಾರ್ರೆ, ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ. ಕುಂದ್ರಿ, ಚಾ ಕುಡೀರಿ.”

ಹೀಗೆ ನನ್ನ ಅಪರಾಧ ಅರ್ಧ ನಿಮಿಷದಲ್ಲಿ ಮಾಫಾಯಿತು. ಮಾಫ್ ಮಾಡಬೇಕಾದವರು ಅವರಾಗಿರಲಿಲ್ಲ. ಅದನ್ನೂ ಹೇಳಬೇಕೆಂದು ಬಾಯಿ ತೆರೆದೆ; ಅಷ್ಟರಲ್ಲಿ ಒಳಗಿನಿಂದ ಚಹಾದ ಕಪ್ಪು-ಬಸಿ ಬಂದವು. ಏಲಕ್ಕಿ ಹಾಕಿದ್ದರು. ಕುಳಿತು ಪೂರ್ತಿ ಕುಡಿದೆ. ಚಹಾ ಚೆನ್ನಾಗಿತ್ತು ಎಂದೂ ಹೇಳಿದೆ.