ಹಾಡಿದವಳ ಹೆಸರು

ಇಂದಿರಾಪುರಂನ ಅನಂತರಾಮರಿಗೆ ಹಾಲಿವುಡ್ಡಿನ ಹಳೆಯ ಸಂಗೀತಚಿತ್ರಗಳ ಹುಚ್ಚು. ಅವುಗಳ ಹಾಡಿನ ಹೊಸ ಸಿ.ಡಿ. ಬಂತೆಂದರೆ ಜ್ವರವಿದ್ದರೂ ದೆಹಲಿಯ ಕನಾಟ್ ಪ್ಲೇಸಿಗೆ ಓಡುತ್ತಾರೆ. ಭೂತಗನ್ನಡಿ ಹಿಡಿದು ಮೊದಲು ಹೊದಿಕೆ ಓದುತ್ತಾರೆ. "ಭಯ್ಯಾ, ತೆರೆಯ ಮೇಲೆ ಬಾಯಾಡಿಸಿದ ನಾಯಕಿ ಯಾರಿಗೆ ಬೇಕು? ಹಾಡಿದವಳ ಹೆಸರೆಲ್ಲಿ?" ಎಂದು ಅಂಗಡಿಯವನನ್ನು ಗದರುತ್ತಾರೆ. ಕಂಠ ಬೇಕು, ಹೆಸರು ಬೇಡ ಎಂದಿದ್ದ ಹಾಲಿವುಡ್ಡಿನ ಕಂಪನಿಗಳು ಅರ್ಧ ಶತಮಾನದ ಮೇಲಾದರೂ ಸಣ್ಣಕ್ಷರದಲ್ಲಿ ತಪ್ಪೊಪ್ಪಿಕೊಳ್ಳುತ್ತಿವೆ. ನಮ್ಮವರಿಗೆ ಅಷ್ಟು ನಾಚಿಕೆಯೂ ಇಲ್ಲ. ಹೆಸರು ಸಿಕ್ಕ ದಿನ ಅನಂತರಾಮರು ಮನೆ ಬಾಗಿಲಿನಿಂದಲೇ ಕೂಗುತ್ತಾರೆ: "ವೈಜೂ, ಈ ಸಲ ಹಾಕಿದ್ದಾರೆ ಕಣೇ!" ಹರೆಯದಲ್ಲಿ ಒಂದು ಕನ್ನಡ ಚಿತ್ರಕ್ಕೆ ಹಾಡಿ, ರೆಕಾರ್ಡಿನ ಮೇಲೆ ನಾಯಕಿಯ ಹೆಸರನ್ನಷ್ಟೇ ಕಂಡಿದ್ದ ಅವರ ಹೆಂಡತಿ ವೈಜಯಂತಿ ಒಗ್ಗರಣೆಯ ಉರಿ ತಗ್ಗಿಸುತ್ತಾರೆ. "ಅಚ್ಛಾ... ನಮ್ಮದು ಯಾವಾಗ ಸಿ.ಡಿ. ಆಗುತ್ತೆ ರೀ?"