ಕವಳಿ ಗಿಡಗಳ ನಡುವಿನ ಜಾಗ

ಕವಳಿ ಗಿಡವನ್ನು ಒಂದೂವರೆ ಅಡಿಗೊಂದು ನೆಟ್ಟರೆ ಮುಳ್ಳುಬೇಲಿಯಾಗುತ್ತದೆ, ನಾಯಿಯೂ ನುಸುಳುವುದಿಲ್ಲ. ಆರಡಿ ಬಿಟ್ಟು ನೆಟ್ಟರೆ ಹಣ್ಣು ಚೆನ್ನಾಗಿ ಬಿಡುತ್ತದೆ, ನಡುವೆ ಮನುಷ್ಯರೂ ಓಡಾಡಬಹುದು. ಧಾರವಾಡದ ನಮ್ಮ ಹಿತ್ತಲಲ್ಲಿ ಹೋದ ಮಳೆಗಾಲ ಜಗಳವಾದದ್ದು ಇದಕ್ಕೇ.

ಮನೆ ಪಾಲಾಗಿತ್ತು. ಗೋಡೆಯ ಆಚೆ ನನ್ನ ಗಂಡನ ಅಣ್ಣ, ಭಾವನವರು; ಈಚೆ ನಾವು. ಹಿತ್ತಲಲ್ಲಿ ಮಾತ್ರ ಇನ್ನೂ ಗೋಡೆ ಎದ್ದಿರಲಿಲ್ಲ. ಪಾಲಾದ ಮೇಲೆ ಅಕ್ಕ, ಅಂದರೆ ಭಾವನವರ ಹೆಂಡತಿ, ಒಮ್ಮೆಯೂ ನಮ್ಮ ಕಡೆ ಬಂದಿರಲಿಲ್ಲ. ನನಗೆ ರೊಟ್ಟಿ ಬಡಿಯಲು ಕಲಿಸಿದವರೇ ಅವರು. ಅವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ನನ್ನ ಗಂಡ ಗರಗದ ಕಡೆಯಿಂದ ರಾಶಿ ಕವಳಿ ಸಸಿ ತಂದರು. “ಸನೀಪ ಸನೀಪ ಹಚ್ಚೂಣು. ಬೇಲಿ ಆತಂದ್ರ ತಂಟೆನ ಮುಗೀತು.”

“ಹಣ್ಣಿಲ್ಲದ ಬೇಲಿ ತಗೊಂಡು ಉಪ್ಪಿನಕಾಯಿ ಹಾಕ್ತೀರೇನ್ರಿ? ಆರಡಿ ಬಿಡ್ರಿ,” ಎಂದೆ. ಉಪ್ಪಿನಕಾಯಿ ಬರೀ ನೆವ. ಅಕ್ಕ ಬರುವ ದಾರಿ ನನಗೆ ಉಳಿಯಬೇಕಿತ್ತು.

ಮಾತಿಗೆ ಮಾತು ಬೆಳೆಯಿತು. ಅವರು ಗುದ್ದಲಿ ಎಸೆದು ಒಳಗೆ ಹೋದರು. ಆರಡಿಗೊಂದರಂತೆ ನಾನೇ ನೆಟ್ಟು, ಉಳಿದ ಸಸಿಗಳನ್ನು ಮೂಲೆಯಲ್ಲಿಟ್ಟೆ. ಅಕ್ಕ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೂ ಸಿಟ್ಟು ಬಂತು. ಇಷ್ಟು ಜಾಗ ಯಾರಿಗೆ ಬಿಟ್ಟದ್ದೆಂದು ನೋಡಿದರೆ ತಿಳಿಯುವುದಿಲ್ಲವೇ?

ಮರುದಿನ ಮುಂಜಾನೆ ಹಿತ್ತಲಿಗೆ ಬಂದರೆ ಅಕ್ಕ ಕುಕ್ಕರಗಾಲಲ್ಲಿ ಕೂತು, ನನ್ನ ಎರಡು ಗಿಡಗಳ ನಡುವೆ ಮೂಲೆಯ ಸಸಿಯೊಂದನ್ನು ನೆಡುತ್ತಿದ್ದರು.

“ಏನ್ ಮಾಡಾಕತ್ತೀರಿ ಅಕ್ಕಾ?”

“ನಿಮ್ಮ ಬೇಲಿ ಅರ್ಧಾ ಉಳಿದಿತ್ತಲ್ಲ, ಪೂರಾ ಮಾಡಾಕತ್ತೇನಿ,” ಎಂದರು ತಲೆ ಎತ್ತದೆ. “ನಾವು ಬ್ಯಾಡಾದ ಮ್ಯಾಲೆ ಈ ಸಂದಿ ಯಾಕ ಬೇಕು?”

“ಸಂದಿ ಬಿಟ್ಟಿದ್ದು ನಿಮ್ಮ ಸಲುವಾಗಿನ ರೀ. ಅದಕ್ಕ ನಿನ್ನಿ ಇವರ ಜೋಡಿ ಜಗಳಾ ಆಡೇನಿ.”

ಅವರ ಕೈ ನಿಂತಿತು. “ಹಂಗಂತ ನನಗ್ಯಾರ ಹೇಳಿದ್ರು? ರಾತ್ರಿ ಕಣ್ಣಿಗೆ ಕಣ್ಣು ಹಚ್ಚಿಲ್ಲ ನಾ.”

ನನಗೆ ತಡೆಯಲಾಗಲಿಲ್ಲ. ಬಗ್ಗಿ ಆ ಸಸಿಯನ್ನು ಬರಿಗೈಯಲ್ಲೇ ಕಿತ್ತೆ. ಹೆಬ್ಬೆರಳಲ್ಲಿ ಮುಳ್ಳು ಮುರಿದು ಕೂತಿತು.

“ಹುಚ್ಚಿ ಇದ್ದೀ ನೋಡು,” ಎಂದು ಅಕ್ಕ ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣು ತುಂಬಿತ್ತು, ನನ್ನದೂ. “ಸೂಜಿ ಎಲ್ಲಿಟ್ಟಿ?” ಎಂದು ಕೇಳುತ್ತ, ಕೈ ಬಿಡದೆ, ಮಣ್ಣುಗಾಲಲ್ಲೇ ನನ್ನನ್ನು ನಮ್ಮ ಅಡುಗೆಮನೆಗೆ ಎಳೆದುಕೊಂಡು ನಡೆದರು.